ಪರದೆಯ ಹಿಂದಿನ ಅರಳಿಕಟ್ಟೆ

ನಮ್ಮೂರಿನ ಅರಳಿಕಟ್ಟೆ ಇಷ್ಟು ಚೆನ್ನಾಗಿ ಸಿಂಗರಿಸಿಕೊಂಡಿದ್ದನ್ನು ನಾನು ನೋಡಿದ್ದು ಮಗನ ಮೊಬೈಲಿನಲ್ಲಿ. ಮರದ ತುಂಬ ಸಣ್ಣ ದೀಪಗಳ ಸರ. ಕೆಳಗೆ ಬಿಳಿ ಬಟ್ಟೆ ಹಾಸಿದ ಮೇಜುಗಳು, ಮೆತ್ತೆ ಹಾಕಿದ ಕುರ್ಚಿಗಳು, ನಗುತ್ತಿರುವ ಜನ. ಮೇಲೆ ‘ಟ್ರೀ ಲೌಂಜ್’ ಎಂದು ಬರೆದಿತ್ತು. ಹಳೆಯ ಮರದಡಿಯಲ್ಲಿ ಆರಾಮವಾಗಿ ಕುಳಿತು, ಊಟ ಮಾಡುತ್ತ, ವೇದಿಕೆಯನ್ನು ಹತ್ತಿರದಿಂದ ನೋಡುತ್ತ ಹಾಡು ಕೇಳುವ ವಿಶೇಷ ವ್ಯವಸ್ಥೆ ಎಂದು ಶರತ್ ಓದಿ ಹೇಳಿದ.

“ಇದು ನಮ್ಮ ಕಟ್ಟೆ ಅಲ್ವೇನೋ?” ಎಂದೆ.

“ನಮ್ದೇ ಅಪ್ಪ. ನಾಗರಕಲ್ಲು ಕಾಣ್ದಂಗೆ ಫೋಟೊ ತೆಗ್ದಿದಾರೆ ಅಷ್ಟೆ.”

ಬಾಗಲೂರಿನ ಆಚೆ, ಹಿಂದೆ ನಮ್ಮ ಹೊಲಗಳಿದ್ದ ಜಾಗದಲ್ಲಿ, ಈಗ ದೊಡ್ಡ ಕ್ರೀಡಾಂಗಣವಿದೆ. ಜಮೀನು ಕೊಡುವಾಗ ಊರಿನವರೆಲ್ಲ ಸೇರಿ ಒಂದೇ ಮಾತು ಕೇಳಿದ್ದೆವು. ಅರಳಿಯೂ ಬೇವೂ ಹೆಣೆದುಕೊಂಡು ಬೆಳೆದ ಕಟ್ಟೆಯನ್ನು ಕೀಳಬಾರದು. ದೀಪ ಇಡಲು ಬರುವವರನ್ನು ತಡೆಯಬಾರದು. ಅವರು ಒಪ್ಪಿದರು, ಮಾತನ್ನು ಉಳಿಸಿಕೊಂಡೂ ಇದ್ದರು. ನನ್ನ ಹೆಂಡತಿ ಗಂಗರತ್ನ ಎಣ್ಣೆ ಬತ್ತಿಯ ಬುಟ್ಟಿ ಹಿಡಿದು ಬರುವುದನ್ನು ಕಂಡರೆ ಗೇಟಿನ ಕಾವಲುಗಾರ ಬಾಲರಾಜ್ ತಾನೇ ಎದ್ದು ಪಕ್ಕದ ಸಣ್ಣ ಬಾಗಿಲು ತೆಗೆಯುತ್ತಿದ್ದ.

ಕಾರ್ತಿಕ ಮಾಸವಿಡೀ ಮುಸ್ಸಂಜೆ ಆ ಕಟ್ಟೆಗೆ ದೀಪ ಇಡುವುದು ಅವಳ ವ್ರತ. ಒಂದು ಸಂಜೆಯೂ ತಪ್ಪಬಾರದು. ಜ್ವರ ಹಿಡಿದ ವರ್ಷವೂ ಶಾಲು ಹೊದ್ದು, ನನ್ನ ತೋಳು ಹಿಡಿದು ಹೋಗಿ ಇಟ್ಟು ಬಂದಿದ್ದಳು. ಹೋದ ವರ್ಷ ಮಹಾಲಯಕ್ಕೆ ಸ್ವಲ್ಪ ಮುಂಚೆ ಅವಳು ತೀರಿಕೊಂಡಳು. ಸಾವಾದ ಮನೆಯವರು ವರ್ಷ ತುಂಬುವವರೆಗೆ ದೇವರ ಕಟ್ಟೆ ಹತ್ತುವ ರೂಢಿ ನಮ್ಮಲ್ಲಿಲ್ಲ. ಹಾಗಾಗಿ ಆ ಕಾರ್ತಿಕದಲ್ಲಿ ಅವಳ ತಂಗಿ ರಾಧಾಮಣಿ ಪುಟ್ಟೇನಹಳ್ಳಿಯಿಂದ ದಿನವೂ ಬಂದು ದೀಪ ಇಟ್ಟಳು.

ಗಂಗರತ್ನ ಮಳೆಗಾಲದಲ್ಲಿ ಹತ್ತಿ ಬಿಡಿಸಿಕೊಂಡು ಕೂತು ವರ್ಷಕ್ಕಾಗುವಷ್ಟು ಬತ್ತಿ ಹೊಸೆದು ಬಿಸ್ಕತ್ತಿನ ತಗಡು ಡಬ್ಬಿಯಲ್ಲಿ ತುಂಬಿಡುತ್ತಿದ್ದಳು. ಆ ವರ್ಷವೂ ತುಂಬಿಟ್ಟೇ ಹೋಗಿದ್ದಳು. ರಾಧಾಮಣಿ ಅದನ್ನು ಮುಟ್ಟಲಿಲ್ಲ. “ಅಕ್ಕನ ಬತ್ತಿ ನೀವೇ ಹಚ್ಬೇಕು ಭಾವ, ಮುಂದಿನ ವರ್ಷಕ್ಕಿರ್ಲಿ” ಎಂದು ತನ್ನ ಮನೆಯಿಂದ ಬತ್ತಿ ತಂದಳು. ಈ ವರ್ಷ ತಿಥಿ ಮುಗಿಸಿ, ಕಾರ್ತಿಕ ಹುಟ್ಟಿದಂದಿನಿಂದ ನಾನು ಹಚ್ಚುತ್ತಿದ್ದೇನೆ. ಡಬ್ಬಿಯ ಮುಚ್ಚಳ ತೆಗೆದಾಗ ಅವಳು ಬತ್ತಿಗೆ ಸವರುತ್ತಿದ್ದ ವಿಭೂತಿಯ ವಾಸನೆ ಬರುತ್ತದೆ. ಒಂದು ತೆಗೆದು ಕೂಡಲೇ ಮುಚ್ಚಿಬಿಡುತ್ತೇನೆ.

ತಿಂಗಳು ಅರ್ಧ ಕಳೆದಿತ್ತು. ಒಂದು ಸಂಜೆ ಬಾಲರಾಜ್ ಮುಖ ಸಣ್ಣದು ಮಾಡಿಕೊಂಡು ಹೇಳಿದ.

“ಮೇಷ್ಟ್ರೇ, ಶನಿವಾರ, ಭಾನುವಾರ ಮುಂಬೈಯಿಂದ ಹಾಡೋರು ಬರ್ತಾ ಇದಾರೆ. ಎರಡು ದಿನ ಗೇಟು ನಮ್ ಕೈಲಿರಲ್ಲ, ಪ್ರೋಗ್ರಾಂ ಕಂಪನಿಯವ್ರದ್ದು. ಕೈಗೆ ಪಟ್ಟಿ ಕಟ್ಟಿಲ್ಲ ಅಂದ್ರೆ ನನ್ನೂ ಒಳಗೆ ಬಿಡಲ್ಲ.”

“ದೀಪಕ್ಕೆ ಬರೋನು ಅಂತ ಹೇಳಪ್ಪ.”

“ಹೇಳ್ದೆ. ಯಾವ್ ದೀಪ, ಎಲ್ಲಾ ಎಲ್‌ಇಡಿ ಹಾಕ್ತಿದೀವಲ್ಲ ಅಂದ್ರು.”

ಶರತ್ ಕಟ್ಟಡ ಕಟ್ಟಿಸುವವನು, ನಾಲ್ಕು ಜನರ ಪರಿಚಯವಿದ್ದವನು. ಯಾರು ಯಾರಿಗೋ ಫೋನ್ ಮಾಡಿದ. ಎಲ್ಲರೂ ನೋಡೋಣ ಎಂದರು, ಯಾರೂ ನೋಡಲಿಲ್ಲ. “ಮನೇಲಿ ತುಳಸಿ ಮುಂದೆ ಹಚ್ಚಿದ್ರೆ ಆಗಲ್ವಾ ಅಪ್ಪ?” ಎಂದು ಕೇಳಿದ.

“ತುಳಸಿಗೂ ಹಚ್ತೀನಿ. ಅದು ಬೇರೆ, ಇದು ಬೇರೆ.”

ಮಾರನೆಯ ದಿನ ಶರತ್ ಆ ‘ಟ್ರೀ ಲೌಂಜ್’ ಚಿತ್ರ ತೋರಿಸಿದ. ಎಲ್ಲಕ್ಕಿಂತ ಮೇಲಿನ ದರ್ಜೆಯ ಟಿಕೆಟ್ ತೆಗೆದುಕೊಂಡರೆ ಮರದಡಿಯಲ್ಲೇ ಕೂರಿಸುತ್ತಾರಂತೆ. ಭಾನುವಾರದ್ದು ಮುಗಿದುಹೋಗಿತ್ತು, ಶನಿವಾರಕ್ಕೆ ನಮಗಿಬ್ಬರಿಗೂ ತೆಗೆದ. ದೀಪ ಇಡಲು ಟಿಕೆಟ್ ಕೊಳ್ಳಬೇಕಾಯಿತಲ್ಲ ಎಂದು ನನಗೆ ಕಸಿವಿಸಿಯಾಯಿತು. ಆದರೂ ವ್ರತ ತಪ್ಪಿಸುವುದಕ್ಕಿಂತ ವಾಸಿ ಎಂದು ಒಪ್ಪಿದೆ. ಭಾನುವಾರದ ಮಾತು ಭಾನುವಾರಕ್ಕೆ.

ಶನಿವಾರ ಮಧ್ಯಾಹ್ನವೇ ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು ಹೊರಟೆ. ದೀಪ ಇಡುವವರೆಗೆ ಉಪವಾಸ. ಗೇಟಿನಲ್ಲಿ ಹೊಸ ಹುಡುಗಿಯೊಬ್ಬಳು ಕೈಗೆ ಹೊಳೆಯುವ ಪಟ್ಟಿ ಕಟ್ಟಿ, ಚೀಲ ಬಿಚ್ಚಿಸಿದಳು.

“ಎಣ್ಣೆ ಯಾಕೆ ತಾತ? ತಲೆಗಾ?”

“ದೀಪಕ್ಕಮ್ಮ.”

“ಎಣ್ಣೆ, ಬೆಂಕಿಪೊಟ್ಣ ಒಳಗೆ ಬಿಡಲ್ಲ.” ಎರಡನ್ನೂ ಪಕ್ಕದ ಡ್ರಮ್ಮಿಗೆ ಹಾಕಿದಳು. ಆಮೇಲೆ ನನ್ನ ಅಂಗಿಯ ಜೇಬಿನಿಂದ ಸಣ್ಣ ಪೊಟ್ಟಣ ತೆಗೆದು ಬಿಚ್ಚಿದಳು. “ಇದೇನು, ಹತ್ತಿನಾ? ಕಿವಿಗಿಟ್ಕೊಳ್ಳೋಕೆ ತಂದ್ರಾ? ಒಳ್ಳೇದೇ ಬಿಡಿ, ಒಳಗೆ ಸೌಂಡು ಜೋರಿರುತ್ತೆ.”

ಬತ್ತಿಗಳನ್ನು ಹಿಂದಕ್ಕೆ ಕೊಟ್ಟಳು. ಎರಡು ದಿನಕ್ಕೆ ಬೇಕಾದದ್ದನ್ನು ತಂದಿದ್ದೆ. ಜೇಬಿನ ಮೇಲೆ ಕೈಯಿಟ್ಟುಕೊಂಡೇ ಒಳಗೆ ನಡೆದೆ.

ಟ್ರೀ ಲೌಂಜ್ ಎಂದು ನಮ್ಮನ್ನು ಕರೆದುಕೊಂಡು ಹೋಗಿ ಬಿಟ್ಟ ಜಾಗದಲ್ಲಿ ಮರವಿರಲಿಲ್ಲ. ನೆಲಕ್ಕೆ ಪ್ಲಾಸ್ಟಿಕ್ ಹುಲ್ಲು ಹಾಸಿತ್ತು. ಎದೆಮಟ್ಟದ ಪುಟ್ಟ ಮೇಜುಗಳನ್ನು ಹಿಡಿದುಕೊಂಡು ಜನ ನಿಂತಿದ್ದರು. ಒಂದು ಕುರ್ಚಿಯೂ ಕಾಣಲಿಲ್ಲ. ಎದುರಿಗೆ ಕಬ್ಬಿಣದ ಕಂಬಗಳ ಗೋಪುರ ಎಬ್ಬಿಸಿ ಅದರ ತುಂಬ ಸ್ಪೀಕರ್ ತುಂಬಿದ್ದರು. ವೇದಿಕೆಯ ಒಂದು ಮೂಲೆ ಮಾತ್ರ ಅದರ ಪಕ್ಕದಿಂದ ಇಣುಕುತ್ತಿತ್ತು. ಊಟದ ಸಾಲಿನಲ್ಲಿ ದೋಸೆ ಹಂಚೊಂದು ಬಿಟ್ಟರೆ ಉಳಿದ ಪಾತ್ರೆಗಳು ಆಗಲೇ ಬರಿದಾಗಿದ್ದವು. ಹಿಂಬದಿಗೆ ಮಾತ್ರ ದೊಡ್ಡ ಫ್ಲೆಕ್ಸ್ ಪರದೆ. ಅದರ ಮೇಲೆ ನಮ್ಮ ಅರಳಿಮರದ ಅದೇ ಚಿತ್ರ. ಜನ ಅದಕ್ಕೆ ಬೆನ್ನು ಹಾಕಿ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು.

“ಕುರ್ಚಿ ಎಲ್ರೀ?” ನಮ್ಮ ಪಕ್ಕದಲ್ಲಿ ಒಬ್ಬಾಕೆ ಜೋರಾಗಿ ಕೇಳುತ್ತಿದ್ದಳು. ಅವಳ ಜೊತೆಯಲ್ಲಿ ರೇಷ್ಮೆ ಸೀರೆಯುಟ್ಟ ವಯಸ್ಸಾದ ಹೆಂಗಸೊಬ್ಬರು ಮೇಜಿನ ಅಂಚು ಹಿಡಿದು ನಿಂತಿದ್ದರು. “ನಮ್ಮತ್ತೆಗೆ ಮಂಡಿ ಆಪರೇಷನ್ ಆಗಿದೆ. ಕುರ್ಚಿ ಇರುತ್ತೆ ಅಂತಾನೇ ಇದನ್ನ ತಗೊಂಡಿದ್ದು. ಆರ್.ಟಿ. ನಗರದಿಂದ ಬಂದಿದೀವಿ.”

ಕೊರಳಿಗೆ ಗುರುತಿನ ಚೀಟಿ, ಕಿವಿಗೆ ವೈರು ಹಾಕಿಕೊಂಡ ಯುವಕ ನಯವಾಗಿ ಹೇಳಿದ: “ಮೇಡಂ, ಇದು ಸ್ಟ್ಯಾಂಡಿಂಗ್ ಎಕ್ಸ್‌ಪೀರಿಯೆನ್ಸ್.”

“ನಿಂತ್ಕೊಳ್ಳೋದೇ ಎಕ್ಸ್‌ಪೀರಿಯೆನ್ಸಾ? ಅದು ನಂಗೆ ದಿನಾ ಹೆಬ್ಬಾಳ ಬಸ್ ಸ್ಟಾಪಲ್ಲಿ ಪುಕ್ಸಟ್ಟೆ ಸಿಗುತ್ತೆ!”

ಸುತ್ತಲಿದ್ದವರು ನಕ್ಕರು. ಚೀಟಿಯ ಮೇಲೆ ಅವನ ಹೆಸರು ಸಮರ್ಥ ಎಂದಿತ್ತು. ನಾನು ಮುಂದೆ ಹೋಗಿ ಕೇಳಿದೆ: “ಮರ ಎಲ್ಲಪ್ಪ?”

“ಇಲ್ಲೇ ಇದ್ಯಲ್ಲ ಸಾರ್. ನಿಂತ್ಕೊಳ್ಳಿ, ನಾನೇ ಒಂದು ಫೋಟೊ ತೆಗೀತೀನಿ.”

“ಇದು ಚಿತ್ರ. ಮರ ಇದರ ಹಿಂದಿದೆ. ಮೇಲೆ ನೋಡಿ.”

ಅವನೂ ನೋಡಿದ, ಉಳಿದವರೂ ತಲೆಯೆತ್ತಿದರು. ಪರದೆಯ ಚೌಕಟ್ಟಿನ ಮೇಲ್ಗಡೆ ನಿಜವಾದ ಅರಳಿಯ ನೆತ್ತಿ ಕಾಣುತ್ತಿತ್ತು. ಎಲೆಗಳು ಪಟಪಟನೆ ಆಡುತ್ತಿದ್ದವು.

“ಅಯ್ಯೋ, ಮರದ ಫೋಟೊ ಹಾಕಿ ಮರಾನೇ ಮುಚ್ಚಿದಾರೆ ನೋಡ್ರೀ!” ಎಂದಳು ಬಸ್ ಸ್ಟಾಪಿನ ಮಾತಾಡಿದಾಕೆ. ಅವಳ ಹೆಸರು ರಂಜನಿ ಎಂದು ಆಮೇಲೆ ತಿಳಿಯಿತು.

ಸಮರ್ಥನ ಮುಖ ಕೆಂಪಾಯಿತು. “ಲಾಸ್ಟ್ ಮಿನಿಟ್ ಲೇಔಟ್ ಚೇಂಜ್ ಆಯ್ತು ಸಾರ್. ಆ ಕಡೆ ಸಾಮಾನು ಇಟ್ಟಿದೀವಿ, ಗೆಸ್ಟ್ಸ್‌ನ ಬಿಡೋ ಹಾಗಿಲ್ಲ. ನಿಮ್ಮಿಬ್ರಿಗೂ ಮುಂದೆ ಸ್ಟೇಜ್ ಹತ್ರ ಜಾಗ ಮಾಡ್ಕೊಡ್ಲಾ?”

“ಬೇಡ. ಮರ ಬೇಕು.”

“ಎಕ್ಸ್ಟ್ರಾ ಊಟದ ಕೂಪನ್ ಕೊಡಿಸ್ತೀನಿ.”

“ನಾನು ಉಪವಾಸ ಇದೀನಪ್ಪ. ಮರದಡಿ ಕೂರಿಸ್ತೀವಿ ಅಂತ ಹೇಳಿದ್ದು ನೀವು. ಕೂರಿಸಿ.”

ಶರತ್ ನನ್ನ ತೋಳು ಹಿಡಿದು ಮೆಲ್ಲಗೆ ಹೇಳಿದ: “ಅಪ್ಪ, ಎಲ್ರೂ ನೋಡ್ತಿದಾರೆ ಕಣಪ್ಪ.”

“ನೋಡ್ಲಿ ಬಿಡು.”

ನಾನು ಹೋಗಿ ಪರದೆಯ ಮುಂದೆ, ಚಿತ್ರದ ಬುಡಕ್ಕೆ ಸರಿಯಾಗಿ, ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟೆ. ಕುರ್ಚಿಯೇ ಇಲ್ಲದ ಕಡೆ ನೆಲದಲ್ಲಿ ಕೂರುವುದಕ್ಕೆ ನಾಚಿಕೆಯೇನು? ಅಲ್ಲಿಂದ ಮುಂದೆ ಯಾರು ಫೋಟೊ ತೆಗೆಸಿಕೊಂಡರೂ ಅವರ ಕಾಲ ಬಳಿ ಪಂಚೆಯುಟ್ಟ ಮುದುಕನೊಬ್ಬ ಬರುತ್ತಿದ್ದ. ಎರಡು ಜೋಡಿಗಳು ಬಂದು, ನೋಡಿ, ಹಿಂದಕ್ಕೆ ಹೋದವು.

ಪಡುವಣ ಕೆಂಪಾಗುತ್ತಿತ್ತು. ದೀಪ ಇಡುವ ಹೊತ್ತು ಹತ್ತಿರವಾಗುತ್ತಿತ್ತು. ಗಂಗರತ್ನ ಇದ್ದಿದ್ದರೆ ಈಗ ಕಟ್ಟೆ ಗುಡಿಸಿ ಮುಗಿಸಿರುತ್ತಿದ್ದಳು.

ರೇಷ್ಮೆ ಸೀರೆಯವರು, ರಂಜನಿಯ ಅತ್ತೆ ಅಲಮೇಲು, ಮೇಜಿನಿಂದ ಮೇಜಿಗೆ ಕೈ ಊರಿಕೊಂಡು ನನ್ನ ಹತ್ತಿರ ಬಂದರು. “ಯಾವ ಮರ ಅದು? ಅಶ್ವತ್ಥನಾ?”

“ಅಶ್ವತ್ಥ, ಬೇವು ಎರಡೂ ಇದೆ ತಾಯಿ. ಬುಡದಲ್ಲಿ ನಾಗರಕಲ್ಲುಗಳಿವೆ. ಸುತ್ತ ಕಲ್ಲಿನ ಕಟ್ಟೆ.”

“ಕಟ್ಟೆ ಇದ್ಯಾ! ಎಷ್ಟೆತ್ತರ?”

“ಕಾಲು ಇಳಿಬಿಟ್ಟು ಕೂರೋಷ್ಟು. ಮಂಡಿ ಮಡಿಸ್ಬೇಕಾಗಿಲ್ಲ.”

ಅವರು ಸಮರ್ಥನ ಕಡೆ ತಿರುಗಿದರು. “ನೋಡಪ್ಪ, ನಿನ್ನ ಹತ್ರ ಕುರ್ಚಿ ಇಲ್ಲ. ಅಲ್ಲಿ ಕಲ್ಲಿನ ಕುರ್ಚಿ ಇದ್ಯಂತೆ. ನಿಂಗೂ ಅಮ್ಮ ಇದಾರಲ್ವಾ? ಇನ್ನು ಸ್ವಲ್ಪ ಹೊತ್ತು ನಿಂತ್ರೆ ನಾನಿಲ್ಲೇ ಬೀಳ್ತೀನಿ, ಆಮೇಲೆ ನೀನೇ ಎತ್ಕೊಂಡು ಹೋಗ್ಬೇಕು.”

“ನಮ್ಮತ್ತೆ ತೂಕ ಇದಾರೆ, ಯೋಚ್ನೆ ಮಾಡಿ” ಎಂದಳು ರಂಜನಿ.

ಅಷ್ಟು ಹೊತ್ತಿಗೆ ಇನ್ನೂ ಹತ್ತಾರು ಜನ ಸೇರಿದ್ದರು. ಒಬ್ಬರು ಮೊಬೈಲಿನಲ್ಲಿ ಆ ಜಾಹೀರಾತು ತೆಗೆದು ಸಮರ್ಥನಿಗೆ ಹಿಡಿದರು. ಇನ್ನೊಬ್ಬರು ತಮಗೂ ಮರವೇ ಬೇಕೆಂದರು. ಅವನು ಕಿವಿಯ ವೈರಿನಲ್ಲಿ ಯಾರ ಜೊತೆಯೋ ಮಾತಾಡಿದ, ಎರಡು ಸಲ “ಸಾರ್, ಸಾರ್” ಎಂದ. ಆ ಕಡೆಯಿಂದ ಬಂದ ಉತ್ತರ ಚೆನ್ನಾಗಿರಲಿಲ್ಲ ಎಂದು ಮುಖ ನೋಡಿದರೆ ತಿಳಿಯುತ್ತಿತ್ತು. ಬೆಳಗಿನಿಂದ ಅವನೂ ಕೂತಿರಲಿಲ್ಲವೆಂದು ಕಾಣುತ್ತದೆ. ಒಂದು ಕಾಲಿನ ಭಾರ ಇನ್ನೊಂದಕ್ಕೆ ಬದಲಿಸುತ್ತಲೇ ಇದ್ದ. ಕೊನೆಗೆ ವೈರನ್ನು ಕಿವಿಯಿಂದ ಕಿತ್ತು ಜೇಬಿಗೆ ಹಾಕಿಕೊಂಡ. ಪರದೆಯ ಒಂದು ಅಂಚಿನ ಹಗ್ಗ ಬಿಚ್ಚಿ ಎತ್ತಿ ಹಿಡಿದ.

“ಬನ್ನಿ. ನೋಡ್ಬಿಟ್ಟು ನೀವೇ ಬೇಡ ಅಂತೀರ.”

ನಾನು ಮೊದಲು ನುಗ್ಗಿದೆ. ಮರ ನಿಂತಿತ್ತು. ಕಟ್ಟೆಯ ಮೇಲೆ ರಟ್ಟಿನ ಪೆಟ್ಟಿಗೆಗಳನ್ನು ಆಳೆತ್ತರಕ್ಕೆ ಪೇರಿಸಿದ್ದರು. ನಾಗರಕಲ್ಲುಗಳಿಗೆ ಮಡಿಸಿದ ಮೇಜುಗಳನ್ನು ಒರಗಿಸಿದ್ದರು. ಪಕ್ಕದಲ್ಲಿ ಚಕ್ರದ ಗಾಡಿಯ ಮೇಲೊಂದು ಜನರೇಟರು; ಅದರಿಂದ ಕಟ್ಟೆಯವರೆಗೂ ಡೀಸೆಲ್ ಕ್ಯಾನುಗಳು. ಕಟ್ಟೆಯ ಕಲ್ಲಿನಲ್ಲೇ ಕಡೆದ ನಮ್ಮ ಹಣತೆಯ ತುಂಬ ಪ್ಲಾಸ್ಟಿಕ್ ಚಮಚ ಇಟ್ಟಿದ್ದರು.

ಚಮಚಗಳನ್ನು ತೆಗೆದು ಒಂದು ಪೆಟ್ಟಿಗೆಗೆ ಹಾಕತೊಡಗಿದೆ.

“ಸಾರ್, ಏನ್ ಮಾಡ್ತಿದೀರ?”

“ದೀಪ ಇಡ್ಬೇಕಪ್ಪ. ಅದಕ್ಕೇ ಬಂದಿರೋದು.”

“ಇಲ್ಲಿ ಬೆಂಕಿನಾ? ಸಾರ್, ಕೈ ಮುಗೀತೀನಿ. ಡೀಸೆಲ್ ಇದೆ. ಏನಾದ್ರೂ ಆದ್ರೆ ಸಾವಿರಾರು ಜನ ಇದಾರೆ ಇಲ್ಲಿ.”

ಅವನ ಮಾತು ಸರಿಯಾಗಿತ್ತು. ಡೀಸೆಲ್ ಪಕ್ಕದಲ್ಲಿ ದೀಪ ಇಡಲು ಗಂಗರತ್ನಳೂ ಒಪ್ಪುತ್ತಿರಲಿಲ್ಲ.

“ಹಾಗಾದ್ರೆ ಮೊದಲು ಡೀಸೆಲ್ ಸರಿಸೋಣ” ಎಂದೆ.

“ಹುಡುಗ್ರೆಲ್ಲ ಸ್ಟೇಜ್ ಹತ್ರ ಇದಾರೆ ಸಾರ್. ಯಾರ್ ಸರಿಸ್ತಾರೆ?”

“ನಾನು ಸರಿಸ್ತೀನಿ.”

ಒಂದು ಕ್ಯಾನಿನ ಹಿಡಿಗೆ ಕೈ ಹಾಕಿದೆ. ಎತ್ತಿದೆ, ಆದರೆ ಎರಡು ಹೆಜ್ಜೆ ಹಾಕುವಷ್ಟರಲ್ಲಿ ಭುಜ ಎಳೆಯಿತು. ಶರತ್ ಬಂದು ನನ್ನ ಕೈಯಿಂದ ಕಿತ್ತುಕೊಂಡ. ಅವನು ಆ ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದ. “ನೀನು ಕಟ್ಟೆ ಗುಡಿಸು ಅಪ್ಪ. ಇದು ನಾನು ನೋಡ್ಕೋತೀನಿ” ಎಂದು ಎರಡೂ ಕೈಗೆ ಒಂದೊಂದು ಕ್ಯಾನ್ ತೆಗೆದುಕೊಂಡು ನಡೆದ.

ಜನರೇಟರಿನ ಹಿಂದಿನಿಂದ ಅದನ್ನು ನೋಡಿಕೊಳ್ಳುವ ಅಕ್ಬರ್ ಪಾಷಾ ಎದ್ದು ಬಂದ. ಕಿವಿಯ ಮೇಲೆ ಒಂದು ಬೀಡಿ ಸಿಕ್ಕಿಸಿಕೊಂಡಿದ್ದ.

“ನೋಡ್ರೀ” ಎಂದಳು ರಂಜನಿ ಸಮರ್ಥನಿಗೆ, “ತಾತನ ದೀಪಕ್ಕೆ ಫೈರ್ ರೂಲ್ಸು, ಇವ್ರ ಬೀಡಿಗೆ ಇಲ್ವಾ?”

“ಹಚ್ಚಿಲ್ಲ ಮೇಡಂ!” ಪಾಷಾ ಗಾಬರಿಯಾಗಿ ಬೀಡಿ ತೆಗೆದು ಜೇಬಿಗೆ ಹಾಕಿದ. “ಅಲ್ಲಾನಾಣೆ, ಸುಮ್ನೆ ಇಟ್ಕೊಂಡಿದೀನಿ. ಇದು ಸ್ಪೇರ್ ಜನರೇಟರ್ರು, ಇನ್ನೊಂದು ಕೆಟ್ರೆ ಮಾತ್ರ ಓಡಿಸೋದು. ಗಾಡಿ ಆಚೆ ತಳ್ಳಣ, ಒಂದು ಕೈ ಹಾಕಿ.”

ಶರತ್, ಪಾಷಾ, ಹಾಡು ಕೇಳಲು ಬಂದಿದ್ದ ಇಬ್ಬರು ಗಂಡಸರು ಸೇರಿ ಗಾಡಿಯನ್ನು ಕಾಂಪೌಂಡಿನ ಮೂಲೆಗೆ ತಳ್ಳಿದರು, ಕ್ಯಾನುಗಳನ್ನೂ ಅಲ್ಲಿಗೆ ಸಾಗಿಸಿದರು. ಸಮರ್ಥ ಸುಮ್ಮನೆ ನೋಡುತ್ತ ನಿಂತಿದ್ದವನು ರಟ್ಟಿನ ಪೆಟ್ಟಿಗೆಗಳನ್ನು ಇಳಿಸತೊಡಗಿದ. ಇಳಿಸಿ ಮುಗಿದ ಮೇಲೆ ಎಲ್ಲಿಂದಲೋ ಕೆಂಪು ಬಣ್ಣದ ಬೆಂಕಿ ಆರಿಸುವ ಸಿಲಿಂಡರ್ ತಂದು ಕಟ್ಟೆಯ ಪಕ್ಕ ಇಟ್ಟುಕೊಂಡು ನಿಂತ. ಅದೂ ಸರಿಯೇ.

ಆ ವಿಶೇಷ ಟಿಕೆಟ್ಟಿನಲ್ಲಿ ಕುಡಿಯುವ ನೀರಿಗೆ ಮಾತ್ರ ಕೊರತೆ ಇರಲಿಲ್ಲ. ರಂಜನಿ ತಂದುಕೊಟ್ಟ ಬಾಟಲಿಗಳ ನೀರಿನಿಂದ ಕಲ್ಲುಗಳನ್ನೂ ಹಣತೆಯನ್ನೂ ತೊಳೆದೆ. ಮೇಲುಹೊದಿಕೆಯಿಂದ ಒರೆಸಿದೆ. ಇನ್ನು ಎಣ್ಣೆ ಬೇಕಿತ್ತು. ಪರದೆ ದಾಟಿ ದೋಸೆಯವನ ಹತ್ತಿರ ಹೋಗಿ, ಒಂದು ದೊನ್ನೆಯಲ್ಲಿ ತುಪ್ಪ ಕೊಡಪ್ಪ ಎಂದೆ.

“ತುಪ್ಪ ದೋಸೆಗೆ ಮಾತ್ರ ತಾತ.”

“ದೋಸೆ ನೀನೇ ಇಟ್ಕೊ. ನನ್ನ ಪಾಲಿನ ತುಪ್ಪ ಮಾತ್ರ ಕೊಡು.”

ಅವನು ನಗುತ್ತ ದೊನ್ನೆಯ ಅಂಚಿನವರೆಗೂ ಸುರಿದ. ಪಾಷಾ ಬೆಂಕಿಪೊಟ್ಟಣ ಕೊಟ್ಟ.

ಬೆಳಕು ಇನ್ನೂ ಪೂರ್ತಿ ಹೋಗಿರಲಿಲ್ಲ. ಹಣತೆಗೆ ತುಪ್ಪ ಬಿಟ್ಟು, ಜೇಬಿನ ಪೊಟ್ಟಣದಿಂದ ಬತ್ತಿ ತೆಗೆದು ನೆನೆಸಿದೆ. ಗಂಗರತ್ನ ಹೊಸೆದ ಬತ್ತಿಯ ತುದಿ ಸ್ವಲ್ಪ ಚಪ್ಪಟೆ. ಹೆಬ್ಬೆರಳಿನಲ್ಲಿ ಒತ್ತಿ ಮುಗಿಸುತ್ತಿದ್ದಳು. ಮೊದಲ ಕಡ್ಡಿ ಗಾಳಿಗೆ ಆರಿತು. ಎರಡನೆಯದೂ ಆರಿತು. ಶರತ್ ಪಕ್ಕದಲ್ಲಿ ಮಂಡಿಯೂರಿ, ಡೀಸೆಲ್ ತಾಗಿದ ಕೈ ದೂರ ಹಿಡಿದು, ತನ್ನ ಮೈಯನ್ನೇ ಗಾಳಿಗೆ ಅಡ್ಡ ಕೊಟ್ಟ. ಮೂರನೆಯ ಕಡ್ಡಿಗೆ ಬತ್ತಿ ಹತ್ತಿಕೊಂಡಿತು. ಮೊದಲು ಚಿಟಪಟ ಎಂದು, ಆಮೇಲೆ ನೆಟ್ಟಗೆ ನಿಂತಿತು.

ನಾನು ಕೈ ಮುಗಿದೆ. ಅವಳು ಹೇಳುತ್ತಿದ್ದ ಶ್ಲೋಕ ಅರ್ಧಕ್ಕೇ ನಿಂತಿತು. ಉಳಿದರ್ಧವನ್ನು ಹಿಂದಿನಿಂದ ಅಲಮೇಲು ಹೇಳಿ ಮುಗಿಸಿದರು. ಚಪ್ಪಲಿ ದೂರ ಬಿಟ್ಟು ಬಂದಿದ್ದರು. ಅವರನ್ನು ನೋಡಿ ಉಳಿದವರೂ ಬಿಟ್ಟಿದ್ದರು.

“ಯಾರ ವ್ರತ?” ಎಂದು ಅಲಮೇಲು ಕೇಳಿದರು.

“ನಮ್ಮ ಮನೆಯವಳದ್ದು.”

“ಅವ್ರು ಬರ್ಲಿಲ್ವಾ?”

“ಹೋದ ವರ್ಷ ಹೋಗ್ಬಿಟ್ಟಳು.”

ಅವರ ಕೈ ತಲೆಯ ಮಲ್ಲಿಗೆಯ ಕಡೆ ಹೋಗಿ ಹಿಂದಕ್ಕೆ ಬಂತು. “ಮುಡಿದ ಹೂವು, ಇಡೋ ಹಾಗಿಲ್ಲ” ಎಂದು ಬೇಜಾರು ಮಾಡಿಕೊಂಡರು. ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕುಳಿತು, ಮಂಡಿಗಳನ್ನು ಸವರಿಕೊಂಡು ಉಸ್ಸೆಂದರು.

ಆಚೆ ಜನರ ಕೂಗೆದ್ದಿತು. ಹಾಡು ಶುರುವಾಯಿತು. ನಗಾರಿಯ ಸದ್ದಿಗೆ ಕಟ್ಟೆಯ ಕಲ್ಲು ಅದುರಿತು, ದೀಪ ಒಮ್ಮೆ ಬಾಗಿ ಮತ್ತೆ ನಿಂತಿತು. ಅಲ್ಲಿಂದ ವೇದಿಕೆಯ ಆ ಒಂದು ಮೂಲೆಯೂ ಕಾಣುತ್ತಿರಲಿಲ್ಲ. ಕೆಲವರು ಬೈದುಕೊಂಡು ಪರದೆಯ ಆಚೆ ಹೋದರು. ಕೆಲವರು ಕೂತರು.

“ಏನೂ ಕಾಣಲ್ಲ ಅತ್ತೆ” ಎಂದಳು ರಂಜನಿ.

“ಕೇಳುತ್ತಲ್ಲ. ಕೂತಿದೀನಲ್ಲ. ನೀನೂ ಕೂತ್ಕೊ.”

ದೋಸೆಯವನು ಶರತ್‌ನ ಕೈಗೆ ಒಂದು ತಟ್ಟೆ ಕೊಟ್ಟು ಕಳಿಸಿದ್ದ. ದೀಪ ಇಟ್ಟಾಗಿತ್ತು, ನಾನು ತಿಂದೆ. ಕೈ ತೊಳೆದು ಏಳುವಾಗ ಸಮರ್ಥ ಹತ್ತಿರ ಬಂದ. ಅವನ ಅಂಗಿಯ ತುಂಬ ರಟ್ಟಿನ ಧೂಳು.

“ಸಾರ್, ನಾಳೆ...”

“ನಾಳೆನೂ ಬರ್ತೀನಿ.”

“ನಾಳೆಗೆ ಒಂದು ಸೀಟೂ ಇಲ್ಲ ಸಾರ್. ಎಲ್ಲಾ ಸೋಲ್ಡ್ ಔಟ್.”

“ಸೀಟು ಯಾರಿಗೆ ಬೇಕು? ಇವತ್ತು ನಿಮ್ಮ ಟಿಕೆಟ್ ತಗೊಂಡು ಬಂದೆ, ಅದರಲ್ಲಿ ಹೇಳಿದ್ದು ಒಂದೂ ಇಲ್ಲಿರ್ಲಿಲ್ಲ. ನಾಳೆ ಟಿಕೆಟ್ ಇಲ್ದೆ ಬರ್ತೀನಿ. ಸೂರ್ಯ ಇಳಿಯೋ ಹೊತ್ತಿಗೆ ಸಣ್ಣ ಬಾಗಿಲ ಹತ್ರ ನಿಂತಿರ್ತೀನಿ. ತೆಗೆಯೋವರೆಗೂ ನಿಂತಿರ್ತೀನಿ.”

ಅವನು ನನ್ನನ್ನೂ ದೀಪವನ್ನೂ ನೋಡಿದ. “ಗೇಟಲ್ಲಿ ಎಣ್ಣೆ, ಬೆಂಕಿಪೊಟ್ಣ ಮತ್ತೆ ಕಿತ್ಕೋತಾರೆ ಸಾರ್” ಎಂದಷ್ಟೇ ಹೇಳಿದ. ಬಿಡುತ್ತೇನೆ ಎನ್ನಲಿಲ್ಲ, ಬಿಡುವುದಿಲ್ಲ ಎನ್ನಲೂ ಇಲ್ಲ.

“ಕಿತ್ಕೊಳ್ಳೋಕೆ ಏನೂ ತರಲ್ಲ ಬಿಡು.”

ದೊನ್ನೆಯಲ್ಲಿ ಅರ್ಧ ತುಪ್ಪ ಉಳಿದಿತ್ತು. ಅದನ್ನು ನಾಗರಕಲ್ಲಿನ ಹಿಂದಿನ ಗೂಡಿನಲ್ಲಿ ಒಂದು ಚಪ್ಪಟೆ ಕಲ್ಲು ಮುಚ್ಚಿ ಇಟ್ಟೆ. ಪಾಷಾ ತನ್ನ ಬೆಂಕಿಪೊಟ್ಟಣವನ್ನು ವಾಪಸು ಕೇಳಲಿಲ್ಲ, ಅದನ್ನೂ ಪಕ್ಕದಲ್ಲಿಟ್ಟೆ. ಜೇಬಿನಿಂದ ನಾಳೆಯ ಬತ್ತಿ ತೆಗೆದು, ಚಪ್ಪಟೆ ತುದಿ ಬೆರಳಿಗೆ ತಾಗುವಂತೆ ಒಮ್ಮೆ ಹಿಡಿದು ನೋಡಿ, ಅದರ ಮೇಲಿಟ್ಟು ಬಂದೆ.